ರವಿಕೆ ಕಣದ ಪರದೆ

ಹಳೇಬೀಡು
12 ಫೆಬ್ರವರಿ 2024

ನಂದಿತಾ ಅತ್ತಿಗೆಗೆ,

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ನೋಡಿದ ಗುರುತು ಮಾತ್ರ ಬರುತ್ತದೆ, ಉತ್ತರ ಬರುವುದಿಲ್ಲ. ಅಣ್ಣನನ್ನು ಕೇಳಿದರೆ, "ನಿಮ್ಮಿಬ್ಬರ ಮಧ್ಯೆ ನನ್ನನ್ನ ಎಳೀಬೇಡ ಕಣೇ, ಮಂಡೀಲಿ ಕೊಬ್ಬರಿ ಲೋಡ್ ಆಗ್ತಾ ಇದೆ" ಅಂದು ಇಟ್ಟುಬಿಟ್ಟ. ಅದಕ್ಕೇ ಕಾಗದ. ಇದನ್ನು ಕಟ್ ಮಾಡಲು ಬರುವುದಿಲ್ಲ, ಹರಿದು ಹಾಕಬಹುದು ಅಷ್ಟೆ. ಹರಿಯುವ ಮೊದಲು ಓದಿ.

ಅಪ್ಪನ ಪುಣ್ಯಸ್ಮರಣೆಗೆಂದು ನನ್ನ ಅತ್ತೆ ಕಾಲುನೋವಿನಲ್ಲೂ ಬಸ್ಸು ಹತ್ತಿ ಅರಸೀಕೆರೆಗೆ ಬಂದರು. ನೀವು ಅವರನ್ನು ಹಾಲಿನಲ್ಲಿ ಕೂರಿಸಿದಿರಿ. ಅವರ ಕಣ್ಣಿಗೆ ನೇರವಾಗಿ ಬಿದ್ದದ್ದು ಏನು? ಲಕ್ವ ಹೊಡೆದು ಮಲಗಿರುವ ನನ್ನ ಅಮ್ಮನ ಮುಖವಲ್ಲ. ಅವಳ ಮಂಚದ ಸುತ್ತ ನೀವು ಇಳಿಬಿಟ್ಟ ಪರದೆ. ಅಂಗಡಿಯಿಂದ ತಂದ ಸಾದಾ ಪರದೆಗೆ ಟ್ರಂಕಿನಲ್ಲಿದ್ದ ರವಿಕೆ ಕಣಗಳನ್ನೆಲ್ಲ ಕತ್ತರಿಸಿ ಸುತ್ತಲೂ ಪಟ್ಟಿ ಹೊಲಿದಿದ್ದಿರಿ. ಅದರ ಮೇಲೆ ಲೇಸು, ಕುಚ್ಚು ಬೇರೆ. ಬಲೆಬಲೆಯಾದ ಒಂದು ತುಂಡು ಮಧ್ಯದಲ್ಲಿ, ಸೊಳ್ಳೆಪರದೆಯ ಹಾಗೆ. ಎಲ್ಲಕ್ಕಿಂತ ಕೆಳಗೆ, ಬಂದುಹೋಗುವವರ ಕಾಲು ತಾಗುವ ಜಾಗದಲ್ಲಿ, ಮಾವಿನಕಾಯಿ ಜರಿಯ ಹಸಿರು ಕಣ.

"ಸ್ವಾತಿ, ಇದು ನಿನ್ನ ನಿಶ್ಚಿತಾರ್ಥದಲ್ಲಿ ನಿಮ್ಮಮ್ಮನ ಮಡಿಲಿಗೆ ನಾನು ಇಟ್ಟ ಕಣ ಅಲ್ವೇನೇ?" ಎಂದು ಅತ್ತೆ ಎಲ್ಲರೆದುರಿಗೆ ಕೇಳಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನೀವು ಲೋಟಗಳನ್ನು ಜೋಡಿಸುತ್ತಾ ಕೇಳಿಸದವರ ಹಾಗೆ ನಿಂತಿದ್ದಿರಿ.

ಕಣದ ಮಾತು ಒಂದು ಕಡೆಗಿರಲಿ. ನನ್ನ ಅಮ್ಮ ಪರದೆಯ ಹಿಂದೆ ಮುಚ್ಚಿಡುವ ಸಾಮಾನಲ್ಲ. ಆ ಮನೆ ಕಟ್ಟಿಸುವಾಗ ಗೋಡೆಗೆ ನೀರು ಹಾಕಿದವಳು ಅವಳು. ಅವಳ ಬಾಯಿ ಸೊಟ್ಟಗಾದದ್ದು ನಿಮ್ಮ ನೆಂಟರಿಗೆ ಕಾಣಬಾರದೆಂದು ಬಣ್ಣದ ಬಟ್ಟೆ ಕಟ್ಟಿ ಬಚ್ಚಿಟ್ಟಿರಿ. ಆ ಪರದೆಯನ್ನು ನಾನು ಎಳೆದೆ. ರಿಂಗು ಕಿತ್ತುಬಂದರೆ ಬರಲಿ. ಎಳೆದದ್ದಕ್ಕೆ ನನಗೆ ಬೇಸರವಿಲ್ಲ. ಅದನ್ನು ಮತ್ತೆ ಕಟ್ಟಬೇಡಿ ಎಂದು ಹೇಳುವುದಕ್ಕೆ ಇಷ್ಟು ಬರೆದೆ.

ಇಂತಿ,
ಗುರುಸಿದ್ದಮ್ಮನವರ ಮಗಳು
ಸ್ವಾತಿ


ಅರಸೀಕೆರೆ
19 ಫೆಬ್ರವರಿ 2024

ಸ್ವಾತಿಗೆ,

ಫೋನ್ ಯಾಕೆ ಎತ್ತುವುದಿಲ್ಲ ಎಂದರೆ, ನೀನು ಫೋನಿನಲ್ಲಿ ಕೂಗಾಡುವುದು ಆ ಮಂಚದ ತನಕ ಕೇಳಿಸುತ್ತದೆ. ಅತ್ತೆಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ. ಇನ್ನು ಮುಂದೆಯೂ ಹೇಳುವುದಿದ್ದರೆ ಬರೆ.

ಪರದೆಯ ಕಥೆ ನಿನಗೆ ಗೊತ್ತಿಲ್ಲ, ಕೇಳಿದವಳೂ ಅಲ್ಲ. ಹಾಸನದ ಆಸ್ಪತ್ರೆಯಿಂದ ಕರೆದುಕೊಂಡು ಬಂದಾಗ ಹಾಲಿನಲ್ಲೇ ಮಂಚ ಹಾಕಬೇಕಾಯಿತು. ಮೆಟ್ಟಿಲಿಲ್ಲದೆ ಬಚ್ಚಲಿಗೆ ಹೋಗುವ ದಾರಿ ಇರುವುದು ಅಲ್ಲಿಂದ ಮಾತ್ರ. ಆ ವಾರವೆಲ್ಲ ನೋಡಲು ಬಂದವರೇ ಬಂದವರು. ಗಂಡಸಿಯಿಂದ ನಿಮ್ಮ ದೇವೀರಪ್ಪ ಮಾವ ಬಂದು, ಅಕ್ಕನ ತಲೆಯ ಹತ್ತಿರವೇ ನಿಂತು, "ಅಯ್ಯೋ, ನಮ್ಮಕ್ಕುನ್ ಬಾಯೆಲ್ಲ ಒಂದ್ಕಡೀಕೆ ವಾಲೈತಲ್ಲಪ್ಪೋ, ಗಂಜಿ ಸೈತ ನಿಲ್ತಿಲ್ವಲ್ಲ" ಎಂದು ಅತ್ತರು. ಅವರು ಪ್ರೀತಿಯಿಂದಲೇ ಅತ್ತದ್ದು. ಅತ್ತೆ ಎಡಗೈಯಲ್ಲಿ ಹೊದಿಕೆ ಎಳೆದು ಮುಖ ಮುಚ್ಚಿಕೊಂಡರು. ಗಂಜಿ ಹೊದಿಕೆಗೆಲ್ಲ ಆಯಿತು. ಆ ಮೇಲೆ ಯಾರ ಚಪ್ಪಲಿ ಸದ್ದು ಕೇಳಿದರೂ ಹೊದಿಕೆ ಮುಖದ ಮೇಲೆ ಹೋಗುತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ ರೆಡಿಮೇಡ್ ಪರದೆ ತಂದೆ. ತಿಳಿಹಸಿರು. ಕಂಬಿ ಹಾಕಿಸಿ ಇಳಿಬಿಟ್ಟ ತಕ್ಷಣ ಅತ್ತೆ "ಬೇಡ" ಎಂದರು. ಅವರಿಗೆ ಉಳಿದಿರುವುದು ಅದೊಂದೇ ಮಾತು, ನಿನಗೆ ಗೊತ್ತಲ್ಲ. ಆಸ್ಪತ್ರೆಯ ವಾರ್ಡಿನಲ್ಲೂ ಅದೇ ಹಸಿರಿನ ಪರದೆ ಇದ್ದದ್ದು ಆಮೇಲೆ ನೆನಪಾಯಿತು. ಪಕ್ಕದ ಮಂಚದವರು ತೀರಿಹೋದಾಗ ನರ್ಸು ಎಳೆದದ್ದು ಆ ಪರದೆಯನ್ನೇ.

ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಆ ಹಸಿರು ವಾರ್ಡಿನದರ ಹಾಗೆ ಕಾಣದಿರಲೆಂದು ಟ್ರಂಕು ತೆಗೆದೆ. ಮದುವೆ, ಗೃಹಪ್ರವೇಶ, ನಾಮಕರಣ ಎಂದು ಊರವರೆಲ್ಲ ಕೊಟ್ಟು, ಯಾರೂ ಹೊಲಿಸದೆ ಇಟ್ಟ ಕಣಗಳು. ಒಂದೊಂದನ್ನೇ ಹಿಡಿದು ತೋರಿಸಿದೆ. ಬೇಡವೆಂದರೆ ಮಡಿಚಿ ಇಟ್ಟೆ, ಎಡಗೈ ಚಾಚಿದರೆ ಕತ್ತರಿಸಿದೆ. ಎಲ್ಲಿ ಹೊಲಿಯಬೇಕೆಂದು ಬೆರಳು ತೋರಿಸಿದವರೂ ಅವರೇ. ನಿನ್ನ ಅತ್ತೆಯ ಹಸಿರು ಕಣ ನೆಲದ ಕಡೆಗೆ ಹೋದದ್ದೂ ಹಾಗೆಯೇ. ಯಾಕೆಂದು ನಿನ್ನ ಅತ್ತೆಯನ್ನೇ ಕೇಳು.

ಇನ್ನು, ನೀನು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ನೀನು ಪರದೆ ಎಳೆದಾಗ ಒಳಗೆ ರಂಗಮ್ಮ ಅತ್ತೆಯ ಬಟ್ಟೆ ಬದಲಿಸುತ್ತಿದ್ದಳು. ಹಾರನಹಳ್ಳಿಯಿಂದ ದಿನಾ ಟೆಂಪೋದಲ್ಲಿ ಬಂದು ಈ ಕೆಲಸ ಮಾಡುವ ಹೆಂಗಸು. ಅವಳು "ಬ್ಯಾಡ ಕಣವ್ವ, ತಡೀರಿ, ಬಟ್ಟೆ ಇಲ್ಲ" ಎಂದು ಕಿರುಚಿದಳು. ನೀನು ಎರಡು ಕೈಯಲ್ಲೂ ಎಳೆದೆ. ಹಾಲಿನ ತುಂಬ ಜನ, ಗಂಡಸರು ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. "ನೋಡಿ, ಎಲ್ಲರೂ ನೋಡಿ, ನಮ್ಮಮ್ಮನ್ನ ಹೆಂಗಿಟ್ಟಿದ್ದಾರೆ ನೋಡಿ" ಎಂದು ನೀನು ಕೂಗುತ್ತಲೇ ಇದ್ದೆ. ಎಲ್ಲರೂ ನೋಡಿದರು. ನಿನ್ನ ದೇವೀರಪ್ಪ ಮಾವ ತಲೆ ತಗ್ಗಿಸಿಕೊಂಡು ಅಂಗಳಕ್ಕೆ ಹೋದರು. ನಾನು ನನ್ನ ಸೆರಗು ಬಿಚ್ಚಿ ಅವರ ಮೇಲೆ ಹಾಕಿದೆ.

ಅವತ್ತಿನಿಂದ ಅತ್ತೆ ಗೋಡೆಯ ಕಡೆಗೆ ತಿರುಗಿ ಮಲಗಿದ್ದಾರೆ.

ನಂದಿತಾ


ಹಳೇಬೀಡು
23 ಫೆಬ್ರವರಿ 2024

ನಂದಿತಾ ಅತ್ತಿಗೆಗೆ,

ಒಳಗೆ ಏನು ನಡೆಯುತ್ತಿತ್ತೆಂದು ನನಗೆ ಹೇಗೆ ಗೊತ್ತಾಗಬೇಕು? ಪರದೆ ಇತ್ತಲ್ಲ. ರಂಗಮ್ಮ ಕಿರುಚಿದ್ದು ನನ್ನ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಎಳೆಯುತ್ತಿದ್ದೆನೇ? ನಾನು ಅವಳ ಹೊಟ್ಟೆಯಲ್ಲಿ ಹುಟ್ಟಿದವಳು. ನೀವು ಅದನ್ನು ಬರೆದ ರೀತಿ ನೋಡಿದರೆ, ಅದು ನಡೆದದ್ದಕ್ಕೆ ನಿಮಗೆ ಒಳಗೊಳಗೇ ಸಂತೋಷವಾಗಿದೆ.

ವಾದ ಸಾಕು. ನನ್ನ ಮನೆಯಲ್ಲಿ ಕೋಣೆ ಇದೆ. ಬಾಗಿಲಿರುವ ಕೋಣೆ. ಬಚ್ಚಲೂ ಅದರೊಳಗೇ ಇದೆ. ನಿಮ್ಮ ಚಿಂದಿ ಬಟ್ಟೆಯ ಅಲಂಕಾರ ಅಲ್ಲಿ ಬೇಕಾಗುವುದಿಲ್ಲ. ಅಣ್ಣನಿಗೆ ಹೇಳಿದ್ದೇನೆ, ಅವನು ಹೂಂ ಎಂದಿದ್ದಾನೆ. ನಿಮ್ಮನ್ನು ಕೇಳುವ ಅಗತ್ಯ ನನಗೆ ಕಾಣಲಿಲ್ಲ. ಭಾನುವಾರ ಇವರು ಅಂಗಡಿ ಮುಚ್ಚಿ ಕಾರು ತರುತ್ತಾರೆ. ಅಮ್ಮನ ಸೀರೆಗಳನ್ನು ಕಟ್ಟಿಡಿ.

ಸ್ವಾತಿ


ಅರಸೀಕೆರೆ
26 ಫೆಬ್ರವರಿ 2024

ಸ್ವಾತಿಗೆ,

ನಿನ್ನೆ ಕಾರು ಹೊರಡುವ ತನಕ ನೀನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇದನ್ನು ಬಾಯಲ್ಲೇ ಹೇಳುತ್ತಿದ್ದೆ.

ಗಂಜಿಯನ್ನು ಬಾಯಿಯ ಎಡಗಡೆಯಿಂದ ಕೊಡು. ಚಮಚ ಅವರ ಕೈಗೇ ಕೊಟ್ಟರೆ ಇನ್ನೂ ಒಳ್ಳೆಯದು, ಚೆಲ್ಲಿದರೆ ಚೆಲ್ಲಲಿ. "ನುಂಗು ಮರಿ, ನುಂಗು ಪುಟ್ಟ" ಎಂದು ಮಗುವಿನ ಹಾಗೆ ಮಾತಾಡಿಸಬೇಡ. ನಿನ್ನೆ ಕಾರಿನಲ್ಲಿ ಕೂರಿಸುವಾಗ ನೀನು ಹಾಗೆ ಮಾಡಿದೆ, ಅವರು ಕಣ್ಣು ಮುಚ್ಚಿದರು. ಮಂಡಿಯ ಲೆಕ್ಕವನ್ನು ಮಾವನವರಿಗಿಂತ ಚೆನ್ನಾಗಿ ಹಿಡಿದವರು ಅವರು, ಮರೆಯಬೇಡ.

ಮಂಚ ತೆಗೆದ ಮೇಲೆ ಹಾಲು ದೊಡ್ಡದಾಗಿ ಕಾಣುತ್ತಿದೆ. ನನಗೆ ಹಾಯಾಗಿದೆ ಎಂದು ನೀನು ಬರೆಯುವ ಮೊದಲು ನಾನೇ ಬರೆದುಬಿಡುತ್ತೇನೆ. ಹೌದು, ಹಾಯಾಗಿದೆ. ಮಧ್ಯಾಹ್ನ ಮಲಗಿ ನಿದ್ದೆ ಮಾಡಿದೆ.

ನಂದಿತಾ


ಹಳೇಬೀಡು
18 ಏಪ್ರಿಲ್ 2024

ನಂದಿತಾ ಅತ್ತಿಗೆಗೆ,

ಇಷ್ಟು ದಿನ ನಾನು ಬರೆಯಲಿಲ್ಲ, ನೀವೂ ಬರೆಯಲಿಲ್ಲ. ಅಮ್ಮ ಹೇಗಿದ್ದಾಳೆಂದು ಅಣ್ಣ ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಾನೆ, ನಾನು ಚೆನ್ನಾಗಿದ್ದಾಳೆ ಎನ್ನುತ್ತೇನೆ. ಅವಳು ಚೆನ್ನಾಗಿಲ್ಲ.

ಕೋಣೆಯ ಬಾಗಿಲು ಮುಚ್ಚಿದರೆ ಅಮ್ಮ ಎಡಗೈಯಿಂದ ಗೋಡೆ ಬಡಿಯುತ್ತಾಳೆ. ಏನಾದರೂ ಆದರೆ ಕೂಗಲು ಬರುವುದಿಲ್ಲವೆಂಬ ಭಯ ಇರಬೇಕು. ಬಡಿದು ಬಡಿದು ಗೆಣ್ಣಿನ ಚರ್ಮ ಸುಲಿದಿದೆ. ಬಾಗಿಲು ತೆಗೆದಿಟ್ಟರೆ ಹೊರಗಿನ ಹಾಲಿನಲ್ಲಿ ನನ್ನ ಅತ್ತೆ ಕುರ್ಚಿ ಹಾಕಿಕೊಂಡು ಒಳಗೇ ನೋಡುತ್ತಿರುತ್ತಾರೆ. ಅಕ್ಕಪಕ್ಕದವರು ಬಂದರೆ, "ಇವತ್ತು ಎರಡು ಚಮಚ ಕುಡಿದ್ರು, ಆಮೇಲೆ ಎಲ್ಲ ಹೊರಗೆ ಬಂತು" ಎಂದು ವರದಿ ಕೊಡುತ್ತಾರೆ. ಅಮ್ಮ ಹೊದಿಕೆ ಮುಖಕ್ಕೆ ಎಳೆದುಕೊಳ್ಳುತ್ತಾಳೆ. ಈ ಸೆಕೆಯಲ್ಲಿ ದಿನವಿಡೀ ಹೊದಿಕೆಯ ಒಳಗೇ ಇರುತ್ತಾಳೆ. ಅತ್ತೆಯನ್ನು ಎದ್ದು ಹೋಗಿ ಎನ್ನಲು ನನ್ನಿಂದಾಗುತ್ತದೆಯೇ? ಮನೆ ಅವರದು.

ಬೇಲೂರಿಗೆ ಹೋಗಿ ಮಂಚದ ಸುತ್ತ ಕಟ್ಟಲು ಪರದೆ ತಂದೆ. ಮರೂನ್ ಬಣ್ಣದ ವೆಲ್ವೆಟ್, ಅಂಗಡಿಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಅಮ್ಮ ಬೇಡ ಎಂದಳು. ಕೋಣೆ ಬಾವಿಯ ಹಾಗೆ ಕತ್ತಲಾಯಿತು. ಮಾರನೆಯ ದಿನ ಬಿಳಿಯದು ತಂದೆ. ಅದಕ್ಕೂ ಬೇಡ. ಇನ್ನೇನು ಬೇಕು ಹೇಳು ಎಂದು ಕೂಗಿದೆ. ಹೇಳಲು ಬಂದಿದ್ದರೆ ಹೇಳುತ್ತಿರಲಿಲ್ಲವೇ ಎಂದು ಇವರು ನನ್ನನ್ನೇ ಬೈದರು.

ನಿಮ್ಮನ್ನು ಕೇಳುವುದು ನನಗೆ ಇಷ್ಟವಿಲ್ಲ. ಆದರೂ ಕೇಳುತ್ತಿದ್ದೇನೆ. ಆ ಪರದೆಯನ್ನು ಬಸ್ಸಿನಲ್ಲಿ ಹಾಕಿ ಕಳಿಸಿ. ಹರಿದಿದ್ದರೂ ಪರವಾಗಿಲ್ಲ, ಹೊಲಿದುಕೊಳ್ಳುತ್ತೇನೆ.

ಸ್ವಾತಿ


ಅರಸೀಕೆರೆ
29 ಏಪ್ರಿಲ್ 2024

ಸ್ವಾತಿಗೆ,

ಆ ಪರದೆ ಇಲ್ಲ. ನೀವು ಹೊರಟ ಮಾರನೆಯ ದಿನ ಕತ್ತರಿ ತೆಗೆದುಕೊಂಡು ಕೂತು ಹೊಲಿಗೆಯನ್ನೆಲ್ಲ ಬಿಚ್ಚಿದೆ. ಪಟ್ಟಿ ಒಂದು ಕಡೆ, ಲೇಸು ಒಂದು ಕಡೆ. ಸಿಟ್ಟಿನಲ್ಲೇ ಮಾಡಿದೆ. ಉಳಿದ ಹಸಿರು ಬಟ್ಟೆಯಲ್ಲಿ ಈಗ ಹೊಲಿಗೆ ಮೆಷಿನ್ ಮುಚ್ಚಿಟ್ಟಿದ್ದೇನೆ. ಪರದೆ ಇದ್ದಿದ್ದರೂ ನಿನಗೆ ಕೊಡುತ್ತಿರಲಿಲ್ಲ. ಮತ್ತೆ ಹೊಲಿದು ಕೊಡು ಎಂದು ಕೇಳಬೇಡ.

ಟ್ರಂಕು ಕಳಿಸುತ್ತೇನೆ. ಕಣಗಳು, ಬಿಚ್ಚಿದ ಪಟ್ಟಿಗಳು, ಲೇಸಿನ ಸುರುಳಿ ಎಲ್ಲ ಅದರಲ್ಲಿವೆ. ಗುರುವಾರ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ಹಳೇಬೀಡಿನಲ್ಲಿ ಇಳಿಸಿಕೊಳ್ಳಲು ನಿನ್ನ ಗಂಡನನ್ನು ಕಳಿಸು. ನಿನಗೆ ಹೊಲಿಗೆ ಬರುವುದಿಲ್ಲವೆಂದು ಗೊತ್ತು. ಕಲಿ.

ಆ ವೆಲ್ವೆಟ್ಟನ್ನು ಬಿಡು, ಬಿಳಿಯದನ್ನೇ ಇಟ್ಟುಕೊ. ಮೊದಲು ನೆನೆಸಿ ಒಗೆದು ಒಣಗಿಸು. ಅಂಗಡಿಯ ಪರದೆ ಒಂದು ನೀರಿಗೆ ಕುಗ್ಗುತ್ತದೆ, ಕುಗ್ಗಿದ ಮೇಲೆ ಪಟ್ಟಿ ಹೊಲಿದರೆ ಸುಕ್ಕಾಗುವುದಿಲ್ಲ. ಕಣಗಳನ್ನು ಉಪ್ಪುನೀರಿನಲ್ಲಿ ಅದ್ದು, ಇಲ್ಲದಿದ್ದರೆ ಕೆಂಪು ಬಣ್ಣ ಬಿಡುತ್ತದೆ. ಬೆಳಕು ಹಿಂದಿನಿಂದ ಬಂದರೆ ಒಳಗಿನವರ ನೆರಳು ಹೊರಗೆ ಕಾಣುತ್ತದೆ, ಅದಕ್ಕೆ ತೆಳು ಲೈನಿಂಗ್ ಕೊಡು. ಮಲಗಿದವರ ಕಣ್ಣಿನ ಮಟ್ಟಕ್ಕೆ ಒಂದು ಪಟ್ಟಿಯಷ್ಟು ಕತ್ತರಿಸಿ ನೆಟ್ ಬಟ್ಟೆ ಕೂರಿಸು. ನೀನು ಸೊಳ್ಳೆಪರದೆ ಎಂದು ಆಡಿಕೊಂಡ ತುಂಡು ಅದೇ. ಅದರಿಂದ ಅತ್ತೆಗೆ ಬೀದಿಬಾಗಿಲು ಕಾಣುತ್ತಿತ್ತು. ಯಾರು ಬಂದರು, ಯಾರು ಹೋದರು, ಅಂಗಳದಲ್ಲಿ ಬಿಸಿಲು ಎಲ್ಲಿಗೆ ಬಂತು ಎಲ್ಲ ನೋಡುತ್ತಿದ್ದರು. ಹೊರಗಿನವರಿಗೆ ಅವರು ಕಾಣುತ್ತಿರಲಿಲ್ಲ. ಕುಚ್ಚುಗಳನ್ನು ಎಡಗೈಗೆ ಎಟಕುವ ಕಡೆ ಹಾಕು. ಬೆರಳಾಡಿಸುತ್ತಾ ಇರುತ್ತಾರೆ.

ಯಾವ ಕಣ, ಎಲ್ಲಿ ಎಂದು ನೀನು ತೀರ್ಮಾನ ಮಾಡಬೇಡ. ತೋರಿಸಿ ಕೇಳು. ನಿನಗೆ ಅದೇ ಕಷ್ಟವಾಗುವುದು.

ನಂದಿತಾ


ಹಳೇಬೀಡು
20 ಮೇ 2024

ನಂದಿತಾ ಅತ್ತಿಗೆಗೆ,

ಟ್ರಂಕು ಬಂತು. ಅತ್ತೆಯ ಹಳೆಯ ಮೆಷಿನ್ನಿಗೆ ಎಣ್ಣೆ ಬಿಟ್ಟು ಕೂತೆ. ಮೊದಲ ಪಟ್ಟಿ ಹಾವಿನ ಹಾಗೆ ಹೋಯಿತು. ಜರಿಗೆ ಸಿಕ್ಕಿ ಸೂಜಿ ಮುರಿಯಿತು. ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ. ನಗಬೇಡಿ. ನೀವು ನಗುವುದು ಇಲ್ಲಿಗೇ ಕೇಳಿಸುತ್ತದೆ.

ಅಮ್ಮನಿಗೆ ಒಂದೊಂದೇ ಕಣ ತೋರಿಸಿದೆ. ನನಗೆ ಚೆನ್ನಾಗಿ ಕಂಡ ಯಾವುದೂ ಅವಳಿಗೆ ಹಿಡಿಸಲಿಲ್ಲ. ನೇರಳೆ ಬಣ್ಣದ ರೇಷ್ಮೆ ಬೇಡ, ಕಡಲೆಹಿಟ್ಟಿನ ಬಣ್ಣದ್ದು ಬೇಡ. ಗಂಡಸಿಯ ಮಾವ ಯಾವತ್ತೋ ಕೊಟ್ಟ ಚೌಕಳಿ ಹತ್ತಿ ಬಟ್ಟೆಗೆ ಕೈ ಚಾಚಿದಳು. ಅದು ನನ್ನ ಕಣ್ಣಿಗೆ ಟವೆಲ್ಲಿನ ಹಾಗೆ ಕಾಣುತ್ತದೆ. ಮೇಲುಗಡೆ ಉದ್ದಕ್ಕೂ ಅದೇ ಬೇಕಂತೆ. ಹೊಲಿದೆ.

ಆಮೇಲೆ ಆ ಮಾವಿನಕಾಯಿ ಜರಿಯ ಹಸಿರು. ಅತ್ತೆ ಅಲ್ಲೇ ಕುರ್ಚಿಯಲ್ಲಿದ್ದರು. ಮೇಲೆ ಹಿಡಿದೆ, ಬೇಡ. ನಡುವೆ ಹಿಡಿದೆ, ಬೇಡ. ಕೆಳಗೆ ನೆಲದ ಹತ್ತಿರ ಹಿಡಿದೆ. ಸುಮ್ಮನಾದಳು. ಅತ್ತೆ ಎದ್ದು ಅಡುಗೆಮನೆಗೆ ಹೋದರು.

ನೀವು ಕೇಳು ಎಂದಿರಲ್ಲ, ಕೇಳಿದೆ. ಮೊದಲು ಕೂಗಾಡಿದರು, ಆಮೇಲೆ ಹೇಳಿದರು. ಆ ಕಣ ಅವರಿಗೆ ಇನ್ಯಾರೋ ಕೊಟ್ಟದ್ದಂತೆ. ಅದನ್ನೇ ನಮ್ಮಮ್ಮನಿಗೆ ದಾಟಿಸಿದ್ದರು. ಮೂಲೆಯಲ್ಲಿ ಕೊಟ್ಟವರ ಹೆಸರು ಪೆನ್ನಿನಲ್ಲಿ ಬರೆದಿತ್ತಂತೆ, ಕೊಡುವ ಮೊದಲು ಅತ್ತೆ ಅದನ್ನು ನೋಡಿರಲಿಲ್ಲ, ಅಮ್ಮ ಅವತ್ತೇ ನೋಡಿದ್ದಳು. ನೋಡಿ ಒಮ್ಮೆ ಅತ್ತೆಯ ಮುಖ ನೋಡಿದಳಂತೆ, ಅಷ್ಟೆ. ಮಗಳನ್ನು ಕೊಡುವ ಮನೆ ಎಂದು ಇಷ್ಟು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಈಗ ಬಾಯಿ ಹೋದ ಮೇಲೆ ಹೇಳುತ್ತಿದ್ದಾಳೆ. ಅತ್ತೆ ಈಗ ಕುರ್ಚಿಯನ್ನು ಜಗಲಿಗೆ ಹಾಕಿಕೊಂಡಿದ್ದಾರೆ.

ನೀವು ಹೇಳದ ಒಂದು ಕೆಲಸವನ್ನು ನಾನು ಮಾಡಿದೆ. ಇವರ ಹಾರ್ಡ್‌ವೇರ್ ಅಂಗಡಿಯಿಂದ ಚಿಕ್ಕ ರಾಟೆಗಳನ್ನು ತರಿಸಿ, ಕಂಬಿಗೆ ಹಗ್ಗ ಕಟ್ಟಿಸಿ, ಹಗ್ಗದ ಎರಡು ತುದಿಯನ್ನೂ ಅಮ್ಮನ ಎಡಗೈ ಹತ್ತಿರ ಇಳಿಬಿಟ್ಟೆ. ಒಂದನ್ನು ಎಳೆದರೆ ತೆಗೆಯುತ್ತದೆ, ಇನ್ನೊಂದನ್ನು ಎಳೆದರೆ ಮುಚ್ಚುತ್ತದೆ. ಮೊದಲ ದಿನ ಅವಳು ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಊಟದ ಹೊತ್ತಿನ ತನಕ ಅದನ್ನೇ ಮಾಡಿದಳು. ಇದು ನಿಮಗೆ ಯಾಕೆ ಹೊಳೆಯಲಿಲ್ಲ? ಹೊಳೆಯಲಿಲ್ಲವೋ, ಬೇಕಿರಲಿಲ್ಲವೋ?

ಯಾಕೆ ಕೇಳುತ್ತೇನೆಂದರೆ, ದೀಪ ಹಚ್ಚುವ ಹೊತ್ತಿಗೆ ಅಮ್ಮ ತಾನಾಗಿ ಪರದೆ ತೆಗೆಯುತ್ತಾಳೆ. ಆ ಹೊತ್ತಿಗೆ ಅವಳಿಗೆ ಜನ ಬೇಕು, ಬೆಳಕು ಬೇಕು. ನಿಮ್ಮ ಮನೆಯಲ್ಲಿ ಅದೇ ಹೊತ್ತಿಗೆ ನಿಮ್ಮ ಟ್ಯೂಷನ್ ಶುರುವಾಗುತ್ತಿತ್ತು. ದಿನಾ ಆಗಲೇ ಪರದೆ ಎಳೆದು ಪಿನ್ನು ಹಾಕುತ್ತಿದ್ದಿರಂತೆ. ಅಣ್ಣನೇ ಹೇಳಿದ. ಅವಳು ಎಷ್ಟು ಸಲ ಬೇಡ ಎಂದಿರಬೇಕು?

ಸ್ವಾತಿ


ಅರಸೀಕೆರೆ
3 ಜೂನ್ 2024

ಸ್ವಾತಿಗೆ,

ಹೌದು, ಎಳೆಯುತ್ತಿದ್ದೆ. ಪಿನ್ನೂ ಹಾಕುತ್ತಿದ್ದೆ. ಅವರು ಬೇಡ ಎನ್ನುತ್ತಿದ್ದರು, ನನಗೆ ಕೇಳಿಸುತ್ತಿತ್ತು. ಬೆಳಗಿನಿಂದ ಅವರ ಬಾಯಿ, ಅವರ ಬಟ್ಟೆ, ಅವರ ಬಚ್ಚಲು. ಸಂಜೆಯ ಆ ಹೊತ್ತಿನಲ್ಲಿ ನಾನು ಪಾಠ ಹೇಳುವವಳು, ನಂದಿತಾ ಮಿಸ್ಸು. ಆ ಹೊತ್ತನ್ನು ನಾನು ಯಾರಿಗೂ ಕೊಡುತ್ತಿರಲಿಲ್ಲ, ಅತ್ತೆಗೂ ಕೊಡಲಿಲ್ಲ. ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ. ನೀನು ಶುರು ಮಾಡಿ ಮೂರು ತಿಂಗಳಾಗಿದೆ. ವರ್ಷ ಕಳೆಯಲಿ, ಆಮೇಲೆ ಈ ಪ್ರಶ್ನೆಯನ್ನು ಮತ್ತೆ ಕೇಳು.

ಹಗ್ಗದ ಯೋಚನೆ ಚೆನ್ನಾಗಿದೆ. ಹೇಳಬಾರದೆಂದಿದ್ದೆ, ಹೇಳಿದೆ.

ಭಾನುವಾರ ಬರುತ್ತೇನೆ. ನಿನ್ನ ಮನೆಗೆ ಬರುತ್ತಿಲ್ಲ, ಅತ್ತೆಯನ್ನು ನೋಡಲು ಬರುತ್ತಿದ್ದೇನೆ. ಕಾಫಿಗೀಫಿ ಇಡಬೇಡ.

ನಂದಿತಾ


ಅರಸೀಕೆರೆ
11 ಜೂನ್ 2024

ಸ್ವಾತಿಗೆ,

ನೀನು ನಿನ್ನಣ್ಣನಿಗೆ ಫೋನ್ ಮಾಡಿ, "ಅತ್ತಿಗೆಯ ಮುಖ ನೋಡೋಕೆ ಇಷ್ಟ ಇಲ್ದೆ ಅಮ್ಮ ಪರದೆ ಎಳ್ಕೊಂಡಳು" ಎಂದು ಹೇಳಿದ್ದೀಯ. ಅವರು ಊಟಕ್ಕೆ ಕೂತಾಗ ನನಗೆ ಹೇಳಿದರು. ಹಾಗಾದರೆ ನಡೆದದ್ದನ್ನು ಬರೆದಿಡುತ್ತೇನೆ. ತಪ್ಪಿದ್ದರೆ ತಿದ್ದು.

ನಾನು ಬಂದಾಗ ಪರದೆ ತೆಗೆದಿತ್ತು. ಅತ್ತೆ ನನ್ನನ್ನು ನೋಡಿ ಎಡಗೈ ಚಾಚಿದರು. ಹಿಡಿದುಕೊಂಡೆ. ಕೈ ತುಂಬಿಕೊಂಡಿದೆ, ಚೆನ್ನಾಗಿ ತಿನ್ನುತ್ತಿದ್ದಾರೆ ಎನಿಸಿತು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ. ನಾನು ಬೇಡವೆಂದರೂ ನೀನು ಕಾಫಿ ತಂದಿಟ್ಟೆ. ನಾನು ಕುಡಿದೆ. ಅಲ್ಲಿಯ ತನಕ ಎಲ್ಲ ಸರಿ ಇತ್ತು.

ನಾನು ಪರದೆಯ ಹೊಲಿಗೆ ನೋಡಿ, "ನೆಟ್ಟು ಒಂದು ಗೇಣು ಮೇಲಾಯ್ತು ಸ್ವಾತಿ, ಮಲಗಿದ್ರೆ ಸೂರು ಕಾಣುತ್ತೆ ಅಷ್ಟೆ" ಎಂದೆ. ಅದು ಜಗಳಕ್ಕೆ ಆಡಿದ ಮಾತಲ್ಲ.

"ಅಮ್ಮನಿಗೆ ಸರಿಯಾಗೇ ಇದೆ. ನಿಮಗೆ ಯಾವುದು ಸರಿ ಇರುತ್ತೆ?" ಎಂದೆ ನೀನು.

"ನೀನು ಆ ಮಂಚದ ಮೇಲೆ ಮಲಗಿ ನೋಡಿದ್ದೀಯಾ?"

"ನೀವು ಮಲಗಿ ನೋಡಿದ್ರಾ? ಪಿನ್ನು ಹಾಕಿ ಮುಚ್ಚಿಟ್ಟೋರು ನನಗೆ ಹೇಳ್ಕೊಡಬೇಡಿ. ನೀವು ನೋಡ್ಕೊಂಡಿದ್ದಲ್ಲ ಅತ್ತಿಗೆ, ಬಚ್ಚಿಟ್ಟಿದ್ದು."

ಆಗ ನಾನು ಎದ್ದು ನಿಂತೆ. "ನಾನು ಬಚ್ಚಿಟ್ಟೆ ಕಣೇ. ಊರೆಲ್ಲಾ ನೋಡೋ ಹಂಗೆ ಅವರನ್ನ ಬೆತ್ತಲೆ ಮಾಡಿದೋಳು ನೀನು" ಎಂದೆ.

ಆ ಮಾತನ್ನು ಅವರ ಕಿವಿಗೆ ಬೀಳಿಸಬಾರದೆಂದೇ ನಾನು ತಿಂಗಳುಗಟ್ಟಲೆ ಫೋನ್ ಎತ್ತಿರಲಿಲ್ಲ. ಅವತ್ತು ಅವರ ತಲೆದಿಂಬಿನ ಪಕ್ಕವೇ ನಿಂತು ಅದನ್ನು ನೀನು ನನ್ನ ಬಾಯಿಂದ ಆಡಿಸಿದೆ.

ರಾಟೆ ಕಿರ್ ಎಂದಿತು. ಇಬ್ಬರೂ ತಿರುಗಿದೆವು. ಅತ್ತೆ ಹಗ್ಗ ಎಳೆಯುತ್ತಿದ್ದರು. ಮೆಲ್ಲಗೆ, ಒಂದೊಂದು ಎಳೆತಕ್ಕೂ ಕೈ ನಿಲ್ಲಿಸಿ ದಣಿವಾರಿಸಿಕೊಂಡು, ಮತ್ತೆ ಎಳೆದು. ನಮ್ಮಿಬ್ಬರನ್ನೂ ನೇರವಾಗಿ ನೋಡುತ್ತಲೇ ಎಳೆದರು. ಪರದೆ ನನ್ನ ತೋಳು ಸವರಿಕೊಂಡು ಹೋಯಿತು, ನಾನು ಹಿಂದೆ ಸರಿದೆ. ನೀನೂ ಸರಿದೆ. ಪೂರ್ತಿ ಮುಚ್ಚಿತು. ಒಳಗಿನಿಂದ ಒಂದು ಸಲ "ಬೇಡ" ಎಂದದ್ದು ಕೇಳಿಸಿತು. ಜೋರಾಗೇನೂ ಹೇಳಲಿಲ್ಲ.

ಬಸ್ಸಿನ ಹೊತ್ತಾಗುವ ತನಕ ಕಾದೆ. "ಹೋಗ್ಬರ್ತೀನಿ ಅತ್ತೆ" ಎಂದು ಎರಡು ಸಲ ಹೇಳಿದೆ. ಪರದೆ ಅಲ್ಲಾಡಲಿಲ್ಲ. ಹೊರಟೆ. ಜಾವಗಲ್ ದಾಟುವ ತನಕ ನನಗೆ ಟಿಕೆಟ್ ಕೇಳಿದ್ದೂ ಗೊತ್ತಾಗಲಿಲ್ಲ.

ನನ್ನ ಮುಖ ನೋಡಲು ಇಷ್ಟವಿಲ್ಲವೆಂದು ಎಳೆದರು ಎನ್ನುತ್ತೀಯಲ್ಲ, ಪರದೆಯ ಹೊರಗೆ ನೀನೂ ಇದ್ದೆ.

ನಂದಿತಾ


ಹಳೇಬೀಡು
24 ಜೂನ್ 2024

ನಂದಿತಾ ಅತ್ತಿಗೆಗೆ,

ತಿದ್ದುವುದು ಏನೂ ಇಲ್ಲ. ನಡೆದದ್ದು ಹಾಗೆಯೇ. ನೀವು ಹೋದ ಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲ.

ಅವತ್ತು ಅಮ್ಮ ಮಧ್ಯಾಹ್ನದ ಊಟಕ್ಕೂ ಪರದೆ ತೆಗೆಯಲಿಲ್ಲ. ತಟ್ಟೆ ಹಿಡಿದು ಹೊರಗೆ ನಿಂತು ಕರೆದೆ. ನಾನೇ ಸರಿಸಿ ಒಳಗೆ ಹೋಗಬಹುದಿತ್ತು, ಬಟ್ಟೆ ತಾನೇ. ಕೈ ಬರಲಿಲ್ಲ. ತಟ್ಟೆಯನ್ನು ವಾಪಸ್ ಒಯ್ದು ಮುಚ್ಚಿಟ್ಟೆ.

ಸಂಜೆ ರಾಟೆಯ ಸದ್ದು ಕೇಳಿ ಓಡಿಬಂದೆ. ಅಮ್ಮ ಮೊದಲು ನನ್ನನ್ನು ನೋಡಿದಳು. ಆಮೇಲೆ ಪಕ್ಕದ ಕುರ್ಚಿ ನೋಡಿದಳು. ಆಮೇಲೆ ಬೀದಿಬಾಗಿಲು. "ಅತ್ತಿಗೆ ಹೊರಟುಹೋದ್ರು ಕಣಮ್ಮ, ಬಸ್ಸಿಗೆ ಹೊತ್ತಾಯ್ತು" ಎಂದೆ. ನಾನು ಏನೋ ಹೇಳಲು ಬಾಯಿ ತೆಗೆದೆ. ಹಗ್ಗ ಹಿಡಿದು ಮತ್ತೆ ಮುಚ್ಚಿಕೊಂಡಳು. ಅವಳ ಸಿಟ್ಟು ನೀವು ಹೋದದ್ದಕ್ಕೋ, ನಾನು ಕಳಿಸಿದ್ದಕ್ಕೋ ಗೊತ್ತಾಗಲಿಲ್ಲ. ಎರಡಕ್ಕೂ ಇರಬೇಕು.

ಆಮೇಲೆ ಹೀಗೇ ನಡೆದಿದೆ. ನಾನು ಫೋನಿನಲ್ಲಿ ದನಿ ಏರಿಸಿದರೆ ಪರದೆ ಮುಚ್ಚುತ್ತದೆ. ಅತ್ತೆ ಜಗಲಿಯಲ್ಲಿ ಕೂತು ನನ್ನನ್ನು ಬೈದರೂ ಮುಚ್ಚುತ್ತದೆ. ಎಲ್ಲರೂ ತಗ್ಗಿಸಿ ಮಾತಾಡುತ್ತಿದ್ದೇವೆ. ಇವರು ಅಂಗಡಿಯಿಂದ ಬಂದವರು, "ಏನು, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದರು.

ನಿನ್ನೆ ಅಮ್ಮ ಬಚ್ಚಲಿನಲ್ಲಿದ್ದಾಗ ನಾನು ಆ ಮಂಚದ ಮೇಲೆ ಮಲಗಿ ನೋಡಿದೆ. ಸೂರು ಕಾಣುತ್ತದೆ. ನೆಟ್ಟು ಕೆಳಗಿಳಿಸಬೇಕು. ನನಗೆ ಆ ಹೊಲಿಗೆ ಬರುವುದಿಲ್ಲ, ಕತ್ತರಿಸಿದರೆ ಹಾಳುಮಾಡುತ್ತೇನೆ. ನೀವು ಬಂದು ಮಾಡಿಕೊಡಿ.

ನನಗೆ ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ಆ ಪಿನ್ನನ್ನು ನಾನು ಮರೆಯುವುದಿಲ್ಲ. ಪುಣ್ಯಸ್ಮರಣೆಯ ದಿನವನ್ನು ನೀವೂ ಮರೆಯುವುದಿಲ್ಲ, ಮರೆಯಿರಿ ಎಂದು ನಾನು ಕೇಳುವುದೂ ಇಲ್ಲ. ಭಾನುವಾರ ಬನ್ನಿ. ಬಂದಾಗ ಪರದೆ ಮುಚ್ಚಿದ್ದರೆ ಕರೆಯಬೇಡಿ, ನಾನೂ ಕರೆಯುವುದಿಲ್ಲ. ಹೊರಗೆ ಎರಡು ಕುರ್ಚಿ ಹಾಕಿರುತ್ತೇನೆ. ನೀವು ಆ ಕಡೆ ಮುಖ ಮಾಡಿ ಕೂರಿ, ನಾನು ಈ ಕಡೆ ಕೂರುತ್ತೇನೆ. ಮಾತು ಬೇಡ. ಅವಳು ಯಾವಾಗ ತೆಗೆಯುತ್ತಾಳೋ ಆಗ ಇಬ್ಬರೂ ಒಳಗೆ ಹೋಗೋಣ.

ಸ್ವಾತಿ